ಗಂಗಾ ಕಾಲುವೆಯ ದಂಡೆಯ ಮೇಲೆ ಸೈಕಲ್ಲಿನಲ್ಲಿ ರೂರ್ಕಿಗೆ

ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮವರಲ್ಲಿ ನೀರು ತುಂಬುವ ಹಬ್ಬ. ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತಿ, ಗಂಗೆಪೂಜೆ ಮಾಡಿ ಮರುದಿನದ ಎಣ್ಣೆನೀರಿಗೆ ಅಣಿಮಾಡುವ ಹಬ್ಬ. ದೆಹಲಿಯ ಆಸುಪಾಸಿನಲ್ಲಿ, ಅದರಲ್ಲೂ ಗಾಜಿಯಾಬಾದ್, ನೋಯ್ಡಾಗಳಲ್ಲಿ ಸಂಸಾರ ಹೂಡಿರುವ ಕನ್ನಡಿಗರಿಗೆ ಈ ಹಬ್ಬದಲ್ಲಿ ಒಂದು ವಿಚಿತ್ರ ಫಜೀತಿ ಕಾದಿರುತ್ತದೆ. ಸರಿಯಾಗಿ ಆ ದಿನಗಳಲ್ಲೇ ಕೊಳಾಯಿಗೆ ಗಂಗೆ ಬರುವುದಿಲ್ಲ. ಇಲ್ಲಿಯ ಜನ 'ಗಂಗಾಜಲ' ಎಂದೇ ಕರೆಯುವ ಆ ಸಿಹಿನೀರು ಸುಮಾರು ದಸರೆಯಿಂದ ದೀಪಾವಳಿಯವರೆಗೆ ಮಾಯವಾಗಿ, ಅದರ ಜಾಗದಲ್ಲಿ ಕೊಳವೆ ಬಾವಿಯ ಗಡಸು ನೀರು ಬರುತ್ತದೆ. ಬೇಳೆ ಬೇಯುವುದಿಲ್ಲ, ಸೋಪು ನೊರೆಯಾಗುವುದಿಲ್ಲ. ಕಾರಣ ಕೇಳಿದರೆ, "ನೆಹರ್ ಬಂದ್ ಹೈ" ಎಂದು ಉತ್ತರ.

ಆ ನೆಹರ್ ಯಾವುದು? ಹರಿದ್ವಾರದಲ್ಲಿ ಗಂಗೆಯಿಂದ ಕವಲೊಡೆದು ಗಂಗಾ ಯಮುನೆಗಳ ನಡುವಣ ದೋಆಬ್ ಬಯಲಿನಲ್ಲಿ ತೆಂಕಣಕ್ಕೆ ಹರಿಯುವ ಮೇಲಣ ಗಂಗಾ ಕಾಲುವೆ. ಮುರಾದ್‌ನಗರದ ಬಳಿ ಅದರಿಂದ ನೀರೆತ್ತಿ ಗಾಜಿಯಾಬಾದಿಗೂ ನೋಯ್ಡಾಕ್ಕೂ ದೆಹಲಿಯ ಭಾಗೀರಥಿ, ಸೋನಿಯಾ ವಿಹಾರ್ ಶುದ್ಧೀಕರಣ ಕೇಂದ್ರಗಳಿಗೂ ಕೊಳವೆಗಳಲ್ಲಿ ಒಯ್ಯುತ್ತಾರೆ. ವರ್ಷಕ್ಕೊಮ್ಮೆ ಹೂಳು ತೆಗೆಯಲು, ದಂಡೆಗಳ ದುರಸ್ತಿಗೆ ಕಾಲುವೆಯನ್ನು ಮುಚ್ಚುತ್ತಾರೆ. 1854ರಲ್ಲಿ ನೀರು ಬಿಟ್ಟ ಕಾಲುವೆ. ಇವತ್ತಿಗೂ ಅದೇ ಹೊಲ ಉಣಿಸುತ್ತಿದೆ, ಅದರ ಮೇಲೆ ರಾಜಧಾನಿಯ ಬಾಯಾರಿಕೆಯೂ ಬಿದ್ದಿದೆ.

ದಿನವೂ ಕುಡಿಯುವ ನೀರಿನ ದಾರಿಯನ್ನು ಒಮ್ಮೆ ಎದುರುಮುಖವಾಗಿ ನೋಡಿಬರೋಣವೆಂದು ಹೊರಟವರು ನಾವು ಮೂವರು. ಮಂಡ್ಯದ ಕಡೆಯ ಗೌಡರು, ಧಾರವಾಡದ ಕಡೆಯ ನಿವೃತ್ತ ಮಾಸ್ತರರು, ಮತ್ತು ಈ ಲೇಖನವನ್ನು ಬರೆಯುವ ಹೊಣೆ ಬಿದ್ದ ಮೂರನೆಯವರು. ಕಾರಿನಲ್ಲಿ ಹೋದರೆ ಹೆದ್ದಾರಿ ಸಿಗುತ್ತದೆ, ಕಾಲುವೆ ಸಿಗುವುದಿಲ್ಲ. ಕಾಲ್ನಡಿಗೆಗೆ ಐದಾರು ದಿನ ಬೇಕು. ಸೈಕಲ್ಲಾದರೆ ಮುರಾದ್‌ನಗರದಿಂದ ರೂರ್ಕಿಯವರೆಗಿನ ಸುಮಾರು 130 ಕಿಲೋಮೀಟರನ್ನು ಒಂದೇ ಹಗಲಿನಲ್ಲಿ ಮುಗಿಸಬಹುದು ಎಂಬುದು ಮಾಸ್ತರರ ಲೆಕ್ಕ. ಫೆಬ್ರವರಿ ಕೊನೆಯ ವಾರ, ಮಂಜು ಕಳೆದಿತ್ತು, ಬಿಸಿಲು ಇನ್ನೂ ಏರಿರಲಿಲ್ಲ. ಮುರಾದ್‌ನಗರದ ಸೇತುವೆಯ ಹತ್ತಿರ ಬೆಳಗಿನ ಐದೂವರೆಗೆ ಟೆಂಪೊದಿಂದ ಸೈಕಲ್ಲುಗಳನ್ನು ಇಳಿಸಿದೆವು. ಚೀಲದಲ್ಲಿ ಪುಳಿಯೋಗರೆ, ಚಪಾತಿ ಚಟ್ನಿಪುಡಿ, ಎರಡು ಬಿಡಿ ಟ್ಯೂಬು, ಒಂದು ಪಂಪು.

ಕಾಲುವೆಯ ದಂಡೆಯ ಮೇಲಿನ ರಸ್ತೆಗೆ ಇಲ್ಲಿ 'ಪಟರಿ' ಎನ್ನುತ್ತಾರೆ. ಮೊದಲು ಕಾಲುವೆಯ ಇಲಾಖೆಯವರು ಕುದುರೆ ಮೇಲೆ ತಪಾಸಣೆಗೆ ಓಡಾಡುತ್ತಿದ್ದ ದಾರಿ. ಈಗ ಅದಕ್ಕೆ ಡಾಂಬರು ಬಿದ್ದಿದೆ, ಹೆಸರು ಕಾಂವಡ ಮಾರ್ಗ. ಶ್ರಾವಣದಲ್ಲಿ ಹರಿದ್ವಾರದ ಗಂಗೆಯನ್ನು ಹೆಗಲ ಅಡ್ಡೆಯಲ್ಲಿ ಹೊತ್ತು ಊರಿನ ಶಿವಾಲಯಕ್ಕೆ ನಡೆಯುವ ಲಕ್ಷಾಂತರ ಭಕ್ತರ ದಾರಿ ಇದು. (ಇಲ್ಲಿಯ ಶ್ರಾವಣ ನಮ್ಮ ಶ್ರಾವಣಕ್ಕಿಂತ ಹದಿನೈದು ದಿನ ಮೊದಲೇ ಹಿಡಿಯುತ್ತದೆಂಬುದನ್ನು ಉತ್ತರದಲ್ಲಿ ಮಂಗಳಗೌರಿ ವ್ರತ ಹಿಡಿದ ನಮ್ಮ ಗೃಹಿಣಿಯರು ಚೆನ್ನಾಗಿ ಬಲ್ಲರು.) ಫೆಬ್ರವರಿಯಲ್ಲಿ ಮಾತ್ರ ದಾರಿಯುದ್ದಕ್ಕೂ ಕಬ್ಬಿನ ಟ್ರಾಕ್ಟರುಗಳದೇ ಆಳ್ವಿಕೆ.

ನೀರು ನಮಗೆ ಎದುರಾಗಿ ಬರುತ್ತಿತ್ತು. ಹಸುರು ಬೆರೆತ ಬೂದು ಬಣ್ಣ, ಮೇಲೆ ಶಾಂತ, ಒಳಗೆ ಸೆಳವು. ತೇಲಿ ಬಂದ ಒಂದು ಚೆಂಡುಹೂವಿನ ಹಾರದ ಜೊತೆಗೆ ಗೌಡರು ಸೈಕಲ್ಲು ತಳ್ಳಿಕೊಂಡು ನಡೆದು ನೋಡಿದರು. ಇಬ್ಬರದೂ ಒಂದೇ ಹೆಜ್ಜೆ. ಅಂದರೆ ಗಂಟೆಗೆ ನಾಲ್ಕು ಕಿಲೋಮೀಟರಿನ ಆಸುಪಾಸು. ನಾವು ಒಂದು ಹಗಲಿನಲ್ಲಿ ತುಳಿಯಲಿದ್ದ ದಾರಿಯನ್ನು ಇಳಿದು ಬರಲು ನೀರಿಗೆ ಒಂದೂವರೆ ದಿನವಾದರೂ ಬೇಕು.

ಜಾನಿ ದಾಟಿ ಭೋಲಾ ಎಂಬಲ್ಲಿಗೆ ಬಂದಾಗ ದೂರದಿಂದಲೇ ಮೊರೆತ ಕೇಳಿಸಿತು. ಬಯಲುಸೀಮೆಯಲ್ಲಿ ಜಲಪಾತವೇ ಎಂದು ಬೆರಗಾಗಬಾರದು. ಇದನ್ನು 'ಝಾಲ್' ಎನ್ನುತ್ತಾರೆ. ದೋಆಬಿನ ನೆಲ ಕಣ್ಣಿಗೆ ಚಪ್ಪಟೆಯಾಗಿ ಕಂಡರೂ ಹಿಮಾಲಯದ ತಪ್ಪಲಿನಿಂದ ಕೆಳಗೆ ಇಳಿಜಾರಾಗಿದೆ. ಅದೇ ಇಳಿಜಾರಿನಲ್ಲಿ ಕಾಲುವೆ ತೋಡಿದರೆ ನೀರು ಓಡುವ ಭರಕ್ಕೆ ತಳವೆಲ್ಲ ಕೊಚ್ಚಿಹೋಗುತ್ತದೆ. ಆದ್ದರಿಂದ ಕಾಲುವೆಯ ತಳವನ್ನು ನೆಲಕ್ಕಿಂತ ಕಡಿಮೆ ಇಳಿಜಾರಿನಲ್ಲಿ ಒಯ್ದು, ವ್ಯತ್ಯಾಸ ಹೆಚ್ಚಾದ ಕಡೆ ಇಟ್ಟಿಗೆಯ ಮೆಟ್ಟಿಲಿನಿಂದ ನೀರನ್ನು ಒಮ್ಮೆಗೇ ಕೆಳಕ್ಕೆ ಹಾರಿಸುತ್ತಾರೆ. ಹೀಗೆ ಹಾರುವ ನೀರಿನಿಂದ ಮೊದಲು ಹಿಟ್ಟಿನ ಗಿರಣಿಗಳು ತಿರುಗುತ್ತಿದ್ದವು. ಮುಂದೆ ಭೋಲಾ, ಸಲಾವಾ, ಚಿತೌರಾ, ನಿರ್ಗಜನಿ, ಮೊಹಮ್ಮದ್‌ಪುರಗಳಲ್ಲಿ ಸಣ್ಣ ವಿದ್ಯುದಾಗಾರಗಳು ಬಂದವು. ನಮ್ಮ ಶಿವನಸಮುದ್ರದ ಮುಂದೆ ಇವು ಮಕ್ಕಳಾಟಿಕೆ. ಆದರೆ ಬೆಟ್ಟವಿಲ್ಲದ ಊರಿನಲ್ಲಿ ಕಾಲುವೆಯ ಹಾರುನೀರಿನಿಂದಲೇ ದೀಪ ಹೊತ್ತಿಸಿದ್ದು ಸಣ್ಣ ಮಾತಲ್ಲ.

ಈ ಕಾಲುವೆ ಹುಟ್ಟಿದ್ದು ಒಂದು ಬರದಿಂದ.

1837ರಲ್ಲಿ ಮಳೆ ಕೈಕೊಟ್ಟಿತು. ದೋಆಬಿನ ನಡುಭಾಗ, ಆಗ್ರಾ, ಕಾನ್ಪುರದ ಸೀಮೆಗಳು ಒಣಗಿದವು. 1838ರ ಕೊನೆಯ ವೇಳೆಗೆ ಸತ್ತವರ ಸಂಖ್ಯೆ ಸುಮಾರು 8 ಲಕ್ಷ ಎಂದು ಅಂದಾಜು. ಅದೇ ವೇಳೆಗೆ ಗವರ್ನರ್ ಜನರಲ್ ಆಕ್ಲೆಂಡ್ ಸಾಹೇಬನ ಸವಾರಿ, 12,000 ಜನರ ಬಿಡಾರದೊಂದಿಗೆ, ಆ ನಾಡಿನ ನಡುವೆಯೇ ಸಿಮ್ಲೆಯ ದಿಕ್ಕಿಗೆ ಸಾಗಿತ್ತು. ಜೊತೆಯಲ್ಲಿದ್ದ ಅವನ ತಂಗಿ ಎಮಿಲಿ ಈಡನ್ ಕಂಡ ಹಸಿದ ಮಕ್ಕಳ ಮಾತು ಅವಳ ಪತ್ರಗಳಲ್ಲಿ ಬಂದಿದೆ. ಆ ಪತ್ರಗಳು 1866ರಲ್ಲಿ ಪುಸ್ತಕವಾದವು. ಹಳ್ಳಿಗರು ಆ ಬರಕ್ಕೆ ಇಟ್ಟ ಹೆಸರು 'ಚೌರಾನವೇ', ಅಂದರೆ ತೊಂಬತ್ತನಾಲ್ಕು. ವಿಕ್ರಮ ಶಕೆ 1894ರ ಕೊನೆಯ ಎರಡು ಅಂಕೆ. ಇದನ್ನು ಕೇಳಿದೊಡನೆ ನಮಗೆ ನಮ್ಮ ಕಡೆಯ ಧಾತು–ಈಶ್ವರದ ಬರ ನೆನಪಾಯಿತು. 1876–78ರಲ್ಲಿ ಮೈಸೂರು ಸಂಸ್ಥಾನದ ಐದರಲ್ಲಿ ಒಂದು ಪಾಲು ಜನವನ್ನು ನುಂಗಿದ ಬರ. ನಾವು ಸಂವತ್ಸರದ ಹೆಸರು ಹಿಡಿದು ನೆನೆಯುತ್ತೇವೆ, ಇವರು ಅಂಕೆ ಹಿಡಿದು ನೆನೆದರು. ರಾಜರ ಪಟ್ಟಾಭಿಷೇಕದ ವರ್ಷ ಯಾರಿಗೂ ನೆನಪಿರುವುದಿಲ್ಲ. ಕೂಳಿಲ್ಲದ ವರ್ಷಕ್ಕೆ ಮಾತ್ರ ಹೆಸರಿರುತ್ತದೆ.

ಕಂಪನಿ ಸರ್ಕಾರಕ್ಕೆ ಮರುಕ ಬಂತೋ ಇಲ್ಲವೋ, ಕಂದಾಯ ಬಾರದೆ ಹೋದದ್ದು ಮಾತ್ರ ಚೆನ್ನಾಗಿ ನಾಟಿತು. ಆಗ ಯಮುನೆಯ ಪೂರ್ವದ ಕಾಲುವೆಯ ಉಸ್ತುವಾರಿಯಲ್ಲಿದ್ದ ಫಿರಂಗಿ ದಳದ ಅಧಿಕಾರಿ ಪ್ರೋಬಿ ಕಾಟ್ಲಿಯ ತಲೆಯಲ್ಲಿ ಗಂಗೆಯ ಕಾಲುವೆಯ ಯೋಚನೆ ಮೊದಲೇ ಸುಳಿದಿತ್ತು. ಬರದ ತರುವಾಯ ಅದಕ್ಕೆ ಕಿವಿಗೊಡುವವರು ಸಿಕ್ಕರು. ಆತ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವನಲ್ಲ. ಹದಿನೇಳನೆಯ ವಯಸ್ಸಿಗೆ, 1819ರಲ್ಲಿ, ಹಡಗಿನಿಂದ ಇಳಿದು ಹಳೆಯ ಕಾಲುವೆಗಳ ದುರಸ್ತಿಯಲ್ಲೇ ಕೆಲಸ ಕಲಿತವನು. ಆ ಹಳೆಯ ಕಾಲುವೆಗಳು ಯಾರವು? ಯಮುನೆಯ ಪಶ್ಚಿಮದ್ದಕ್ಕೆ ಫಿರೋಜ್ ಶಾ ತುಘಲಕ್ 14ನೆಯ ಶತಮಾನದಲ್ಲಿ ತಳಹದಿ ಹಾಕಿದ. ಶಾಹಜಹಾನನ ಕಾಲದಲ್ಲಿ ಅಲಿ ಮರ್ದಾನ್ ಖಾನ್ ಅದನ್ನು ದೆಹಲಿಗೆ ಎಳೆದು ತಂದ. ಚಾಂದನಿ ಚೌಕದ ನಡುವೆ ಹರಿಯುತ್ತಿದ್ದ ನೀರು ಅದೇ. ಕಾಟ್ಲಿಯ ಪಾಠಶಾಲೆ ಎಂದರೆ ಈ ನೆಲದ್ದೇ ಹಳೆಯ ಕೆಲಸ.

ದೋಆಬಿನ ಉದ್ದಕ್ಕೂ ಆರು ತಿಂಗಳು ನಡೆದು, ಕುದುರೆಯೇರಿ, ಮಟ್ಟವನ್ನೆಲ್ಲ ತಾನೇ ಅಳೆದ. 1841ರಲ್ಲಿ ಲಂಡನ್ನಿನ ಒಪ್ಪಿಗೆ ಬಂತು. 1842ರ ಏಪ್ರಿಲ್‌ನಲ್ಲಿ ಗುದ್ದಲಿ ಬಿತ್ತು. ಅಷ್ಟರಲ್ಲಿ ಬಂದ ಹೊಸ ಗವರ್ನರ್ ಜನರಲ್ ಎಲೆನ್‌ಬರೋಗೆ ಕಾಲುವೆಯ ಮೇಲೆ ಒಲವಿಲ್ಲ. ದೋಣಿ ಸಂಚಾರ ಮೊದಲು, ಹೊಲಕ್ಕೆ ನೀರು ಆಮೇಲೆ ಎಂದ, ಹಣದ ಕೈ ಬಿಗಿಹಿಡಿದ. ಬಳಿಕ ಕಾಲುವೆಯ ನೀರಿನಿಂದ ಜ್ವರ ಹರಡುತ್ತದೆಯೇ ಎಂದು ನೋಡಲು ಒಂದು ಸಮಿತಿ ಕೂತಿತು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟನ್ನು ರೊನಾಲ್ಡ್ ರಾಸ್ ಕಂಡದ್ದು 1897ರಲ್ಲಿ. ಇವರದು ಅದಕ್ಕೆ ಐವತ್ತು ವರ್ಷ ಹಿಂದಿನ ಮಾತು. ಸಮಿತಿಯ ವೈದ್ಯ ಡೆಂಪ್‌ಸ್ಟರ್ ಒಂದು ಉಪಾಯ ಹೂಡಿದ. ಹಳ್ಳಿಹಳ್ಳಿಗೂ ಹೋಗಿ ಜನರ ಹೊಟ್ಟೆ ಮುಟ್ಟಿ, ಗುಲ್ಮ ಊದಿದವರು ಎಷ್ಟು ಎಂದು ಎಣಿಸಿದ. ಎಲ್ಲಿ ಕಾಲುವೆಯ ದಂಡೆ ಮಳೆನೀರಿನ ಸಹಜ ಹರಿವಿಗೆ ಅಡ್ಡಗಟ್ಟಿತ್ತೋ ಅಲ್ಲಿ ಊದಿದ ಗುಲ್ಮಗಳು ಹೆಚ್ಚು. ಮಲೇರಿಯಾ ಅಳೆಯಲು ವೈದ್ಯರು ಇದೇ ಎಣಿಕೆಯನ್ನು ಮುಂದೆ ನೂರು ವರ್ಷ ಬಳಸಿದರು. ಇದನ್ನು ಕೇಳಿ ಗೌಡರು ಸ್ವಲ್ಪ ಹೊತ್ತು ಮಾತಾಡಲಿಲ್ಲ. 1930ರ ದಶಕದಲ್ಲಿ ಅರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯದ ಹೊಲಗಳಿಗೆ ಬಂದಾಗ ಅದರ ಹಿಂದೆಯೇ ಚಳಿಜ್ವರವೂ ಬಂದಿತ್ತು. ಅವರ ಅಜ್ಜಿಯ ಬಾಯಲ್ಲಿ ನಾಲೆಯ ಮಾತು ಬಂದಾಗೆಲ್ಲ ಭತ್ತದ ಜೊತೆಗೆ ಕ್ವಿನೀನಿನ ಕಹಿಯೂ ಬರುತ್ತಿತ್ತಂತೆ.

ಸಲಾವಾಕ್ಕೆ ಮೊದಲು ಸಿಗುವ ಸರ್ಧನಾ ದಾರಿಯಿಂದ ತುಸು ಒಳಗೆ. ಬೇಗಂ ಸಮ್ರೂ ಕಟ್ಟಿಸಿದ ಚರ್ಚನ್ನು ನೋಡಲು ವೇಳೆಯಿರಲಿಲ್ಲ. ಪಡೆ ಕಟ್ಟಿ ಆಳಿದ ಆ ಗಟ್ಟಿಗಿತ್ತಿ 1836ರಲ್ಲಿ ತೀರಿಕೊಂಡಳು, ಜಹಗೀರು ಕಂಪನಿಯ ಕೈಸೇರಿತು, ಮರುವರ್ಷವೇ ಮಳೆ ಕೈಕೊಟ್ಟಿತು ಎಂಬಷ್ಟನ್ನು ಹೇಳಿ ಮುಂದೆ ಹೋಗುತ್ತೇವೆ.

ಖತೌಲಿಯ ಹತ್ತಿರ ಹತ್ತೂವರೆಗೆ ಬುತ್ತಿ ಬಿಚ್ಚಿದೆವು. ಇಲ್ಲಿಂದ ಮುಂದೆ ಮುಜಫರ್‌ನಗರದ ಸೀಮೆ. ಕಣ್ಣು ಹಾಯುವಷ್ಟೂ ಕಬ್ಬು. ಎಡಬಲಕ್ಕೆ ಆಲೆಮನೆಗಳ ಹೊಗೆ, ಗಾಳಿಯಲ್ಲಿ ಕುದಿವ ಹಾಲಿನ ವಾಸನೆ. ಮಾಸ್ತರರು ಕೆಣಕಿದರು: "ಏನ್ರೀ ಗೌಡ್ರ, ಇದು ನಿಮ್ಮ ಮಂಡ್ಯಾನ ಅಲ್ಲೇನ್ರೀ?" ಗೌಡರು ಒಂದು ಆಲೆಮನೆಗೆ ನುಗ್ಗಿ ಬಿಸಿಬೆಲ್ಲ ಬಾಯಿಗಿಟ್ಟು ತೀರ್ಪು ಕೊಟ್ಟರು: "ಬೆಲ್ಲ ಚೆನ್ನಾಗದೆ ಮೇಷ್ಟ್ರೇ. ಆದ್ರೆ ಅಚ್ಚಿಲ್ಲ ನೋಡಿ. ಉಂಡೆ ಕಟ್ಟವ್ರೆ." ಅಚ್ಚುಬೆಲ್ಲದ ನಾಡಿನವರಿಗೆ ಅಚ್ಚಿಲ್ಲದ ಬೆಲ್ಲ ಅರೆಬೆಲ್ಲವೇ. ಆಲೆಮನೆಯವನು ದುಡ್ಡು ಮುಟ್ಟಲಿಲ್ಲ. ದಕ್ಷಿಣದವರು ಸೈಕಲ್ಲಿನಲ್ಲಿ ಬಂದು ಬೆಲ್ಲದ ಪರೀಕ್ಷೆ ಮಾಡಿದ್ದೇ ಅವನಿಗೆ ತಮಾಷೆ.

ಈ ಹಸುರು ಪುಕ್ಕಟೆ ಬಂದದ್ದೂ ಅಲ್ಲ, ಎಲ್ಲರಿಗೂ ಒಂದೇ ಬಗೆಯಾಗಿ ಬಂದದ್ದೂ ಅಲ್ಲ. 1860–61ರ ಬರದಲ್ಲಿ ಕಾಲುವೆಯ ನೀರಿದ್ದ ಕಡೆ ಬೆಳೆ ನಿಂತಿತು. ಕಾಲುವೆಯಲ್ಲಿಯೇ ದುಡಿದಿದ್ದ ಬೇರ್ಡ್ ಸ್ಮಿತ್ ಆ ಬರದ ವರದಿಯನ್ನು ಬರೆದ. ಆದರೆ ಕೆಲವು ಕಡೆ ನೀರು ಬಸಿದುಹೋಗದೆ ನೆಲ ಜವುಗಾಯಿತು, ಉಪ್ಪು ಮೇಲೆದ್ದು ಹೊಲದ ಮೇಲೆ ಬಿಳಿ ಪೊರೆ ಕಟ್ಟಿತು. ಇವರು ಅದನ್ನು 'ರೇಹ್' ಎನ್ನುತ್ತಾರೆ, ನಮ್ಮಲ್ಲಿ ಚೌಳು. ಕಾಲುವೆಯಿಂದ ಕೇಡೇ ಹೆಚ್ಚು ಎಂಬರ್ಥದಲ್ಲಿ ಎಲಿಜಬೆತ್ ವಿಟ್‌ಕೂಂಬ್ 1972ರಲ್ಲಿ ಬರೆದರು. ರೈತ ಅಷ್ಟೊಂದು ದಡ್ಡನಲ್ಲ, ನೀರನ್ನು ತನ್ನ ಲಾಭಕ್ಕೆ ಬಳಸಿಕೊಂಡ ಎಂದು ಇಯಾನ್ ಸ್ಟೋನ್ 1984ರಲ್ಲಿ ಉತ್ತರ ಕೊಟ್ಟರು. ದಾರಿಯಲ್ಲಿ ಕಂಡಷ್ಟರಲ್ಲಿ ನಮಗೆ ಸ್ಟೋನ್ ಅವರ ಮಾತು ಹೆಚ್ಚು ಹಿಡಿಸಿತು. ಆದರೂ ಚೌಳು ಹಿಡಿದ ಹೊಲದವನನ್ನು ಕೇಳಿದರೆ ಬೇರೆ ಉತ್ತರ ಬಂದೀತು.

ಮಧ್ಯಾಹ್ನದ ನಲವತ್ತು ಕಿಲೋಮೀಟರಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಎದುರುಗಾಳಿ ಎದ್ದಿತು. ನಿರ್ಗಜನಿಯ ಬಳಿ ಒಂದು ಪಂಕ್ಚರ್. ಮಾಸ್ತರರಿಗೆ ಮೊಣಕಾಲು ಹಿಡಿಯಿತು, ಆದರೂ ಅರವತ್ತೆರಡರ ಆ ಮನುಷ್ಯ ಪೆಡಲಿನಿಂದ ಕಾಲು ತೆಗೆಯಲಿಲ್ಲ. ನೆರಳಿಗೆ ಮಾತ್ರ ಕೊರತೆಯಿಲ್ಲ; ಕಾಲುವೆಯ ದಂಡೆಯ ಮರಗಳು ದಾರಿಯ ಬಹುಪಾಲಿಗೆ ಕೊಡೆ ಹಿಡಿದಿದ್ದವು.

ಝಾಲ್‌ಗಳ ಪಕ್ಕದಲ್ಲಿ ಅಲ್ಲಲ್ಲಿ ಹಳೆಯ ಇಟ್ಟಿಗೆಯ ಕಿರುಗಾಲುವೆಗಳು ಹೂಳು ತುಂಬಿ ಬಿದ್ದಿವೆ. ದೋಣಿಗಳನ್ನು ಮೇಲಿನ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ಇಳಿಸಲು ಕಟ್ಟಿದ ಬಾಗಿಲು ತೊಟ್ಟಿಗಳಿದ್ದ ಜಾಗ ಅವು. ರೈಲು ಬಂದ ಮೇಲೆ ದೋಣಿಯ ವ್ಯಾಪಾರ ಸೊರಗಿತು. ಇಲ್ಲಿಯೇ ಇನ್ನೊಬ್ಬ ಇಂಜಿನಿಯರನ ಮಾತು ಬರಬೇಕು. ಹೆಸರು ಆರ್ಥರ್ ಕಾಟನ್. ಕಾವೇರಿ, ಗೋದಾವರಿಗಳಿಗೆ ಅಣೆಕಟ್ಟು ಕಟ್ಟಿದ ಮದ್ರಾಸಿನವನು. ಕಾಟ್ಲಿಯ ಮೇಲೆ ಕಾಟನ್ ಹರಿಹಾಯ್ದ. ಕಾಲುವೆಯನ್ನು ಬೆಟ್ಟದ ಬುಡದಲ್ಲೇ ಎತ್ತಿದ್ದು ತಪ್ಪು, ಇನ್ನೂ ಕೆಳಗೆ ಎತ್ತಬೇಕಿತ್ತು, ಇಳಿಜಾರು ವಿಪರೀತ, ದೋಣಿಗೆ ಅನುಕೂಲವಿಲ್ಲ. 1860ರ ದಶಕದಲ್ಲಿ ಇಬ್ಬರೂ ಕರಪತ್ರ ಅಚ್ಚುಹಾಕಿಸಿ ಜಗಳವಾಡಿದರು. ಹೆಸರೂ ಹತ್ತಿರ, ಹಟವೂ ಹತ್ತಿರ. ಇಳಿಜಾರಿನ ವಿಷಯದಲ್ಲಿ ಕಾಟನ್ ಹೇಳಿದ್ದು ನಿಜ. ನೀರಿನ ಭರಕ್ಕೆ ತಳ ಕೊರೆದು, ಝಾಲ್‌ಗಳ ಇಟ್ಟಿಗೆ ಕಿತ್ತು, ಮುಂದೆ ದೊಡ್ಡ ದುರಸ್ತಿ ಬೇಕಾಯಿತು. ಆದರೆ ಕಾಟನ್ನನ ಕೈಯೂ ಎಲ್ಲ ಕಡೆ ಹಿಡಿಯಲಿಲ್ಲ. ನಮ್ಮ ತುಂಗಭದ್ರೆಯ ನೀರನ್ನು ಸುಂಕೇಸುಲದಲ್ಲಿ ತಿರುಗಿಸಿ ಕಡಪೆಗೆ ಒಯ್ಯುವ ಕಾಲುವೆಗೆ ಖಾಸಗಿ ಕಂಪನಿಯೊಂದು ಕೈಹಾಕಿತ್ತು, ಅವನದೇ ಕನಸು ಅದು. ಕಂಪನಿ ಮುಗ್ಗರಿಸಿ 1882ರಲ್ಲಿ ಸರ್ಕಾರ ಕೊಳ್ಳಬೇಕಾಯಿತು. ಅಲ್ಲಿಂದ ಹೊಸಪೇಟೆಯ ಅಣೆಕಟ್ಟಿನವರೆಗೆ, ಅಂದರೆ 1953ರವರೆಗೆ, ಬಳ್ಳಾರಿ ರಾಯಚೂರಿನವರು ಕಾಯಬೇಕಾಯಿತು.

ಇನ್ನು ಅಗೆದವರು. ಕಾಟ್ಲಿಯ ವರದಿ ದೊಡ್ಡ ದೊಡ್ಡ ಸಂಪುಟಗಳಲ್ಲಿ ಅಚ್ಚಾಗಿದೆ; ಅದರಲ್ಲಿ ಇಟ್ಟಿಗೆಯ ಅಳತೆಯಿದೆ, ಗಾರೆಯ ಪ್ರಮಾಣವಿದೆ. ಬುಟ್ಟಿ ಹೊತ್ತ ಹೆಂಗಸರ, ಮಕ್ಕಳ ಹೆಸರು ಯಾವ ಶಾಸನದಲ್ಲೂ ಇಲ್ಲ. ಉತ್ತರದಲ್ಲಿ ಮಣ್ಣಿನ ಕೆಲಸಕ್ಕೆ ಹೆಸರಾದವರು ಓಡ್ ಜನ. ನಮ್ಮ ಕಡೆ ಕೆರೆ ಕಟ್ಟೆ ಕಟ್ಟಿದ ಭೋವಿಗಳ ಹಾಗೆ ಕೆಲಸವಿದ್ದಲ್ಲಿಗೆ ಸಂಸಾರ ಸಮೇತ ನಡೆಯುವವರು. ಹೊಟ್ಟೆಪಾಡಿಗೆ ಊರು ಬಿಟ್ಟವರ ಪಟ್ಟಿಯಲ್ಲಿ ಅವರು ನಮಗಿಂತ ಬಹಳ ಹಿಂದಿನವರು.

ಮಂಗಳೌರ್ ದಾಟಿದ ಮೇಲೆ (ಹೆಸರು ಕೇಳಿ ನಮ್ಮ ಮಂಗಳೂರೆಂದು ಹಿಗ್ಗಬೇಡಿ, ಇಲ್ಲಿ ಕಡಲಿಲ್ಲ) ರೂರ್ಕಿಗೆ ಹತ್ತೇ ಹತ್ತು ಕಿಲೋಮೀಟರು. ನಾಲ್ಕೂವರೆಗೆ ಊರೊಳಗೆ ಬಂದೆವು. ಕಾಲುವೆ ಊರಿನ ನಡುವೆಯೇ ಹರಿಯುತ್ತದೆ, ಎರಡು ಕಡೆಯೂ ಮೆಟ್ಟಿಲು.

ರೂರ್ಕಿ ಕಾಲುವೆಗೆ ಮೊದಲು ಒಂದು ಹಳ್ಳಿ. ಊರು ಮಾಡಿದ್ದೇ ಕಾಲುವೆ. ಇಟ್ಟಿಗೆಗೂಡು, ಮರದ ಅಡ್ಡೆ, ಕಬ್ಬಿಣ ಎರಕದ ಕಾರ್ಖಾನೆ, ಎಲ್ಲ ಇಲ್ಲಿಗೆ ಬಂದವು. ಕೆಲಸ ಬಲ್ಲ ಜನ ಸಾಲದಾದಾಗ ಲೆಫ್ಟಿನೆಂಟ್ ಗವರ್ನರ್ ಜೇಮ್ಸ್ ಥಾಮಸನ್ ಒಂದು ಶಾಲೆ ತೆರೆದ. ಅದು 1847. ಇಲ್ಲಿಯವರಿಗೇ ಮಟ್ಟ ಹಿಡಿಯಲು, ಲೆಕ್ಕ ಹಾಕಲು ಕಲಿಸಿ ಕಾಲುವೆಗೆ ಒದಗಿಸುವುದು ಅವನ ಎಣಿಕೆ. ಥಾಮಸನ್ 1853ರಲ್ಲಿ, ಕಾಲುವೆಗೆ ನೀರು ಬರುವ ಸುಮಾರು ಆರು ತಿಂಗಳು ಮೊದಲು, ತೀರಿಕೊಂಡ. 1854ರಲ್ಲಿ ಕಾಲೇಜಿಗೆ ಅವನ ಹೆಸರಿಟ್ಟರು. 1949ರಲ್ಲಿ ಅದು ವಿಶ್ವವಿದ್ಯಾಲಯವಾಯಿತು, 2001ರಲ್ಲಿ ಐಐಟಿ. ಲಾಹೋರನ್ನು ಕಟ್ಟಿದ ಸರ್ ಗಂಗಾರಾಮ್ ಇಲ್ಲಿ ಕಲಿತವರು. 1853ರಲ್ಲಿ ಬಂಗಾಳದ ಸ್ಯಾಪರ್ಸ್ ಪಡೆಯೂ ಇಲ್ಲಿಗೆ ಬಂದು ನೆಲೆಸಿತು. ಹಲಸೂರಿಗೆ ಮದ್ರಾಸ್ ಸ್ಯಾಪರ್ಸ್ ಹೇಗೋ ರೂರ್ಕಿಗೆ ಇವರು ಹಾಗೆ.

ರೈಲು ನಿಲ್ದಾಣದ ಬಳಿ ಒಂದು ಹಳೆಯ ಎಂಜಿನ್ನಿನ ಮಾದರಿ ನಿಲ್ಲಿಸಿದ್ದಾರೆ. 1851ರ ಡಿಸೆಂಬರ್‌ನಲ್ಲಿ, ಬೋರಿಬಂದರಿನಿಂದ ಠಾಣೆಗೆ ಜನರ ರೈಲು ಓಡುವ ಹದಿನಾರು ತಿಂಗಳು ಮೊದಲು, ಪಿರಾನ್ ಕಲಿಯರ್‌ನಿಂದ ಮಣ್ಣು ಹೇರಿಕೊಂಡು ಇಲ್ಲಿ ಉಗಿಬಂಡಿ ಓಡಿತು. ಕೆಲವೇ ತಿಂಗಳಲ್ಲಿ ಬಾಯ್ಲರು ಸಿಡಿದು ಕೆಲಸ ಮುಗಿಯಿತು. ಭಾರತದ ಮೊದಲ ರೈಲು ನಮ್ಮದೇ ಎಂದು ರೂರ್ಕಿಯವರು ಎದೆ ತಟ್ಟುತ್ತಾರೆ. ಮದರಾಸಿನ ರೆಡ್ ಹಿಲ್ಸ್‌ನಲ್ಲಿ 1837ರಲ್ಲೇ ಕಲ್ಲು ಸಾಗಿಸುವ ರೈಲುದಾರಿಯಿತ್ತು, ಅದರ ಹಿಂದೆಯೂ ಇದೇ ಆರ್ಥರ್ ಕಾಟನ್ ಇದ್ದ ಎಂಬುದನ್ನು ಅಲ್ಲಿ ಹೇಳುವ ಧೈರ್ಯ ನಮಗಾಗಲಿಲ್ಲ.

ಉಗಿಬಂಡಿ ಮಣ್ಣು ಹೊತ್ತದ್ದು ಸೋಲಾನಿ ನದಿಯ ಮೇಲುಗಾಲುವೆಗಾಗಿ. ಊರಿನ ಬಡಗಣ ತುದಿಗೆ ಅದನ್ನು ನೋಡಲು ಹೋದೆವು. ಈ ಭಾಗದಲ್ಲಿ ಶಿವಾಲಿಕ್ ಬೆಟ್ಟದ ಹಳ್ಳಗಳು ಕಾಲುವೆಗೆ ಅಡ್ಡ ಬರುತ್ತವೆ. ಬೇಸಗೆಯಲ್ಲಿ ಮರಳು, ಮಳೆಗಾಲದಲ್ಲಿ ಗಂಟೆಯೊಳಗೆ ಹುಚ್ಚು ಹೊಳೆ. ರಾಣಿಪುರ, ಪಥರಿಗಳಲ್ಲಿ ಹಳ್ಳವನ್ನು ಕಾಲುವೆಯ ತಲೆಯ ಮೇಲೆ ದಾಟಿಸಿದ್ದಾರೆ. ಧನೌರಿಯಲ್ಲಿ ಎರಡೂ ಒಂದೇ ಮಟ್ಟದಲ್ಲಿ ಬೆರೆತು ಬಾಗಿಲುಗಳ ಮೂಲಕ ಬೇರೆಯಾಗುತ್ತವೆ. ಸೋಲಾನಿಯಲ್ಲಿ ಕಾಲುವೆಯೇ ನದಿಯ ಮೇಲೆ ಹತ್ತಿ ಹೋಗುತ್ತದೆ. ತಲಾ 50 ಅಡಿ ಅಗಲದ 15 ಕಮಾನು, ಅದರ ಮೇಲೆ ಗಂಗೆಯ ಪ್ರವಾಹ. ಮೊದಲ ಲೆಕ್ಕದಂತೆ ಕಾಲುವೆಯ ತಲೆಯಲ್ಲಿ ಸೆಕೆಂಡಿಗೆ 6,750 ಘನ ಅಡಿ ನೀರು. ಅಡಿಪಾಯಕ್ಕೆ ಕಾಟ್ಲಿ ಹಿಡಿದದ್ದು ಈ ದೇಶದ ಬಾವಿ ಇಳಿಸುವ ಪದ್ಧತಿ. ಮರಳಿನ ಮೇಲೆ ಇಟ್ಟಿಗೆಯ ಕಟ್ಟಡ ಕಟ್ಟಿ, ಕೆಳಗಿನ ಮರಳು ತೋಡುತ್ತ ತೋಡುತ್ತ ತನ್ನ ಭಾರಕ್ಕೇ ಅದು ಇಳಿಯುವಂತೆ ಮಾಡುವುದು. ಗಾರೆ ಸುಣ್ಣ ಸುರಕಿಯದು. ಎರಡು ತುದಿಗೂ ಕೂತ ಕಲ್ಲಿನ ಸಿಂಹಗಳು ದೊಡ್ಡವು, ಸ್ವಲ್ಪ ಬೇಸತ್ತ ಮುಖದವು.

ನದಿಯ ಮೇಲೆ ಕಾಲುವೆ ಒಯ್ಯುವುದು ಕಂಡರಿಯದ ಅದ್ಭುತವೆಂದು ಇಲ್ಲಿ ಹೇಳುತ್ತಾರೆ. ಗೌಡರು ಸುಮ್ಮನಿರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಬಂಗಾರದೊಡ್ಡಿ ನಾಲೆ ಕಾವೇರಿಯ ಕವಲನ್ನೇ ಮೇಲುಗಾಲುವೆಯಲ್ಲಿ ದಾಟುತ್ತದೆ, ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದ್ದು, ಹದಿನೇಳನೆಯ ಶತಮಾನ ಎಂದರು. ಗಾತ್ರದಲ್ಲಿ ಎರಡಕ್ಕೂ ಹೋಲಿಕೆಯಿಲ್ಲ. ಇದಕ್ಕೆ ಅದಕ್ಕಿಂತ ಇನ್ನೂರು ವರ್ಷ ಕಡಿಮೆ ವಯಸ್ಸು ಎಂಬ ಮಾತು ಮಾತ್ರ ನಿಂತಿತು.

1854ರ ಏಪ್ರಿಲ್ 8ರಂದು ಥಾಮಸನ್ನನ ಉತ್ತರಾಧಿಕಾರಿ ಜಾನ್ ರಸೆಲ್ ಕಾಲ್ವಿನ್ ಕಾಲುವೆಗೆ ನೀರು ಬಿಟ್ಟ. ಕವಲುಗಳನ್ನು ಬಿಟ್ಟು ಮುಖ್ಯ ಕಾಲುವೆಯೇ ಸುಮಾರು 560 ಕಿಲೋಮೀಟರು. ಇಪ್ಪತ್ತು ಲಕ್ಷ ಪೌಂಡಿಗೂ ಮೀರಿ ಖರ್ಚು. ಕಾಟ್ಲಿ ಸ್ವದೇಶಕ್ಕೆ ಹೊರಟಾಗ ಕಲ್ಕತ್ತೆಯ ಕೋಟೆಯಿಂದ ತೋಪು ಹಾರಿಸಿದರು. ಮೂರೇ ವರ್ಷಕ್ಕೆ ದೋಆಬ್ ದಂಗೆಯೆದ್ದಿತು. ನೀರು ಬಿಟ್ಟ ಕಾಲ್ವಿನ್ 1857ರ ಸೆಪ್ಟೆಂಬರಿನಲ್ಲಿ ಆಗ್ರಾ ಕೋಟೆಯೊಳಗೇ ಪ್ರಾಣಬಿಟ್ಟ.

ಕತ್ತಲಾಗುವ ಹೊತ್ತಿಗೆ ಊರ ಘಾಟಿನ ಮೆಟ್ಟಿಲಿಗೆ ಬಂದು ಕಾಲನ್ನು ನೀರಿಗೆ ಬಿಟ್ಟು ಕೂತೆವು. ಹಿಮದ ನೀರು, ಚಳಿಗೆ ನೋವೆಲ್ಲ ಮರೆಯಿತು. ಪಕ್ಕದಲ್ಲಿ ಇಬ್ಬರು ಹೆಂಗಸರು ಎಲೆದೊನ್ನೆಯಲ್ಲಿ ದೀಪ ಬಿಡುತ್ತಿದ್ದರು. "ಕಾಲುವೆಗೂ ದೀಪವೇ ತಾಯಿ?" ಎಂದು ಮಾಸ್ತರರು ತಮ್ಮ ಧಾರವಾಡದ ಹಿಂದಿಯಲ್ಲಿ ಕೇಳಿದರು. ಅದರಲ್ಲಿ ಹಿರಿಯಾಕೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾವ ಕಾಲುವೆ? ಇದು ಗಂಗಾಜಿ" ಎಂದಳು.

ಈ ಪ್ರಶ್ನೆ ಕಾಲುವೆಯಷ್ಟೇ ಹಳೆಯದು. ಕಾಮಗಾರಿಯ ಕಾಲದಲ್ಲೇ ಹರಿದ್ವಾರದ ಪಂಡರು ಗಂಗೆಯನ್ನು ಸೆರೆ ಹಾಕಬೇಡಿ ಎಂದು ತಡೆದರು. ಕಾಟ್ಲಿ ವಾದಿಸಲಿಲ್ಲ, ಕಟ್ಟೆಯಲ್ಲಿ ನೀರು ತಡೆಯಿಲ್ಲದೆ ಹರಿಯುವಂತೆ ಒಂದು ತೆರಪು ಬಿಟ್ಟ, ಘಾಟುಗಳನ್ನು ದುರಸ್ತಿ ಮಾಡಿಸಿಕೊಟ್ಟ, ಗಣಪತಿಯ ಪೂಜೆ ಮಾಡಿಸಿ ಕೆಲಸಕ್ಕೆ ಕೈಹಾಕಿದ. ಮುಂದೆ ಭೀಮಗೋಡಾದಲ್ಲಿ ಶಾಶ್ವತ ಕಟ್ಟೆ ಕಟ್ಟಲು ಹೊರಟಾಗ ಮದನಮೋಹನ ಮಾಳವೀಯರು ಮುಂದೆ ನಿಂತು ಚಳವಳಿ ಹೂಡಿದರು. 1916ರ ಡಿಸೆಂಬರಿನಲ್ಲಿ ಒಪ್ಪಂದವಾಯಿತು: ಸೆಕೆಂಡಿಗೆ ಕನಿಷ್ಠ 1,000 ಘನ ಅಡಿ ನೀರು ಯಾವ ಬಾಗಿಲೂ ಇಲ್ಲದ ದಾರಿಯಲ್ಲಿ ಹರಿಯಬೇಕು. ಹರ್ ಕೀ ಪೌಡಿಯಲ್ಲಿ ಹರಿಯುವ ಧಾರೆ ನದಿಯೋ ಕಾಲುವೆಯೋ ಎಂಬ ಜಗಳ ಅಲ್ಲಿಗೂ ಮುಗಿಯಲಿಲ್ಲ. 2016ರಲ್ಲಿ ಉತ್ತರಾಖಂಡ ಸರ್ಕಾರ ಅದನ್ನು ಕಾಲುವೆ ಎಂದು ಆದೇಶ ಹೊರಡಿಸಿತು. ತೀರ್ಥಪುರೋಹಿತರು ಪ್ರತಿಭಟನೆಗೆ ಕೂತರು, 2020ರಲ್ಲಿ ಇನ್ನೊಂದು ಸರ್ಕಾರ ಆ ಆದೇಶವನ್ನು ರದ್ದುಮಾಡಿ ಅದು ಗಂಗೆಯೇ ಎಂದಿತು.

ಹಿರಿಯಾಕೆಗೆ ಈ ಆದೇಶಗಳ ಸಂಗತಿ ತಿಳಿದಿತ್ತೋ ಇಲ್ಲವೋ ನಾವು ಕೇಳಲಿಲ್ಲ. ಅವಳು ಬಿಟ್ಟ ದೊನ್ನೆ ಮೆಟ್ಟಿಲಿನ ಬದಿಗೆ ಒಮ್ಮೆ ತಾಗಿ, ಸೆಳವಿಗೆ ಸಿಕ್ಕಿ, ಸೇತುವೆಯಡಿ ದಾಟಿ ಮಂಗಳೌರಿನ ದಿಕ್ಕಿಗೆ ಹೊರಟಿತು. ಮಾಸ್ತರರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.